ನಾರ್ಡಿಕ್ ಫೋಕ್‌ಬೋಟ್: ಈ ಕ್ಲಾಸಿನ ಇತಿಹಾಸ ಏನು, ಹಳೆಯ ಮರದ ದೋಣಿಯಲ್ಲಿ ಏನೇನು ನೋಡಬೇಕು?

ಪಡುವಣಗಾಳಿ:

ಎಲ್ಲರಿಗೂ ನಮಸ್ಕಾರ. ಸ್ವೀಡನ್‌ನ ಗೋಥೆನ್‌ಬರ್ಗ್ ಕಡೆ 1950ರ ದಶಕದ ಮರದ ನಾರ್ಡಿಕ್ ಫೋಕ್‌ಬೋಟ್ (ಒಂದೇ ನಿಯಮ, ಒಂದೇ ಅಳತೆಗೆ ಕಟ್ಟುವ ಸಣ್ಣ ಹಾಯಿದೋಣಿಗಳ ಕ್ಲಾಸು) ಒಂದು ಮಾರಾಟಕ್ಕೆ ಬಂದಿದೆ. ಪೈನ್ ಹಲಗೆ, ಓಕ್ ರಿಬ್‌ಗಳು (ಒಡಲಿನ ಒಳಗಿನ ಪಕ್ಕೆಲುಬುಗಳು), ಕಬ್ಬಿಣದ ಕೀಲ್ (ತಳದಲ್ಲಿ ನೀರಿಗಿಳಿಯುವ ಭಾರ), ಮರದ ಮಾಸ್ಟ್ (ಹಾಯಿಕಂಬ). ಮೂರು ಬೇಸಿಗೆಯಿಂದ ನೀರಿಗಿಳಿದಿಲ್ಲ, ಶೆಡ್ಡಿನಲ್ಲೇ ನಿಂತಿದೆ. ಕೊಳ್ಳುವ ಮುಂಚೆ ಇದರ ಹಿನ್ನೆಲೆಯನ್ನು ಸರಿಯಾಗಿ ತಿಳಿದುಕೊಳ್ಳಬೇಕು.

ವಿನ್ಯಾಸ ಟೂರ್ಡ್ ಸುಂಡೇನ್ ಅವರದು ಅಂತ ಕೆಲವು ಕಡೆ, ಒಂದು ಸಮಿತಿಯದು ಅಂತ ಇನ್ನು ಕೆಲವು ಕಡೆ ಓದಿದೆ. ಯಾವುದು ಸರಿ? ಐಎಫ್ ಬೋಟ್ ಅನ್ನುವುದೂ ಇದೇ ದೋಣಿಯಾ? ಮರದ ದೋಣಿಗಳು ಇವತ್ತಿಗೂ ಫೈಬರ್ ದೋಣಿಗಳ ಜೊತೆ ಒಂದೇ ರೇಸಿನಲ್ಲಿ, ಹ್ಯಾಂಡಿಕ್ಯಾಪ್ (ನಿಧಾನ ದೋಣಿಗೆ ಕೊಡುವ ಸಮಯದ ರಿಯಾಯಿತಿ) ಇಲ್ಲದೆ ಓಡುತ್ತವಂತೆ. ಅದು ಹೇಗೆ ಸಾಧ್ಯ?

ಇನ್ನೊಂದು ವಿಷಯ. ಒಳಗೆ ಕೂತು ನೋಡಿದರೆ ಹಲಗೆಗಳು ಕೂಡುವ ಕಡೆ ಅಲ್ಲಲ್ಲಿ ಬೆಳಕು ಕಾಣುತ್ತದೆ. ಪಾಲಿಯುರೆಥೇನ್ ಸೀಲಂಟ್ ತುಂಬಿಬಿಟ್ಟರೆ ಮುಗೀತು ಅಂತಾರೆ ಮಾರುವವರು. ಒಪ್ಪಬಹುದಾ?

ಹಾಯಿಪಟ:

ಸೀಲಂಟ್ ಮಾತ್ರ ತುಂಬಬೇಡಿ. ಕಾರಣವನ್ನು ಮರಗೆಲಸ ಬಲ್ಲವರು ಬರೆಯುತ್ತಾರೆ. ನಾನು ಇತಿಹಾಸದ ಭಾಗಕ್ಕೆ ಉತ್ತರಿಸುತ್ತೇನೆ.

ಎರಡನೇ ಮಹಾಯುದ್ಧ ಶುರುವಾದ ಹೊಸತರಲ್ಲಿ ಸ್ಕ್ಯಾಂಡಿನೇವಿಯಾದ ಹಾಯಿದೋಣಿ ಒಕ್ಕೂಟ ಒಂದು ವಿನ್ಯಾಸ ಸ್ಪರ್ಧೆ ಕರೆಯಿತು. ಬೇಕಾಗಿದ್ದು ಸಾಮಾನ್ಯ ಸಂಬಳದವರ ಕೈಗೆಟಕುವ ಬೆಲೆಯ ದೋಣಿ. ವಾರದ ಕೊನೆಗೆ ಮನೆಮಂದಿ ಮಲಗಿ ಏಳುವಷ್ಟು ಜಾಗವಿರಬೇಕು, ಬಾಲ್ಟಿಕ್‌ನ ಚಿಕ್ಕ ಚೂಪು ಅಲೆಗಳಿಗೆ ಹೆದರಬಾರದು, ಹಾಗೆಯೇ ರೇಸಿಗೂ ಒದಗಬೇಕು. 58 ನಕ್ಷೆಗಳು ಬಂದವು. ತೀರ್ಪುಗಾರರು ಯಾರಿಗೂ ಮೊದಲ ಬಹುಮಾನ ಕೊಡಲಿಲ್ಲ. ಮೇಲ್ಮಟ್ಟದ ಕೆಲವು ನಕ್ಷೆಗಳಿಂದ ಒಳ್ಳೆಯ ಅಂಶಗಳನ್ನು ಆರಿಸಿ, ಅವೆಲ್ಲ ಸೇರಿದ ಒಂದು ದೋಣಿಯ ಪೂರ್ಣ ನಕ್ಷೆ ಬರೆಯುವ ಕೆಲಸವನ್ನು ಟೂರ್ಡ್ ಸುಂಡೇನ್ ಅವರಿಗೆ ವಹಿಸಿದರು. ನೀವು ಓದಿದ ಎರಡು ಮಾತೂ ಹುಟ್ಟಿದ್ದು ಇಲ್ಲಿಂದಲೇ. ದೋಣಿ ಎಂಥದಿರಬೇಕು ಅಂತ ನಿರ್ಧರಿಸಿದ್ದು ಸಮಿತಿ, ಗೆರೆ ಎಳೆದದ್ದು ಸುಂಡೇನ್. ಒಡಲಿನ ಗೆರೆಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡಿವೆ ಅಂತ ನೋಡಿದರೆ ಸುಂಡೇನ್ ಹೆಸರನ್ನೇ ಮೊದಲು ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ನಾಲ್ಕಾರು ನಕ್ಷೆಗಳ ತುಣುಕುಗಳನ್ನು ಬರೀ ಅಂಟಿಸಿದ್ದರೆ ಇಂಥ ಒಡಲು ಬರುತ್ತಿರಲಿಲ್ಲ.

ಮೊದಲ ದೋಣಿ 1942ರ ಏಪ್ರಿಲ್‌ನಲ್ಲಿ ಗೋಥೆನ್‌ಬರ್ಗ್‌ನಲ್ಲಿ ನೀರಿಗಿಳಿಯಿತು. ಡೆನ್ಮಾರ್ಕ್, ನಾರ್ವೆ ಎರಡೂ ಆಗ ಜರ್ಮನಿಯ ವಶದಲ್ಲಿದ್ದವು. ಸ್ವೀಡನ್ ತಟಸ್ಥವಾಗಿದ್ದರಿಂದ ಅಲ್ಲಿ ಕೆಲಸ ನಡೆಯಿತು. ಹಡಗು ಕಂಪನಿಯ ಮಾಲೀಕ ಸ್ವೆನ್ ಸಾಲೇನ್ ಒಂದೇ ಸಲಕ್ಕೆ 60 ದೋಣಿಗಳಿಗೆ ಆರ್ಡರ್ ಕೊಟ್ಟರು. ಹೊಸ ಕ್ಲಾಸು ಬೇರೂರಲು ಇದಕ್ಕಿಂತ ದೊಡ್ಡ ಕಾರಣವಿಲ್ಲ. ನಕ್ಷೆ ಎಷ್ಟೇ ಚೆನ್ನಾಗಿರಲಿ, ಎದುರಿಗೆ ಓಡಲು ಹತ್ತಾರು ದೋಣಿ ಇಲ್ಲದಿದ್ದರೆ ಒನ್-ಡಿಸೈನ್ (ಎಲ್ಲ ದೋಣಿಯೂ ಒಂದೇ ವಿನ್ಯಾಸದ್ದು) ಅನ್ನುವುದಕ್ಕೆ ಅರ್ಥವೇ ಇಲ್ಲ. ಇದೇ ಸಾಲೇನ್ 1920ರ ದಶಕದಲ್ಲಿ ಜೆನೋವಾ ಹಾಯಿಯನ್ನು (ಮಾಸ್ಟಿನ ಹಿಂದಕ್ಕೂ ಚಾಚುವ ದೊಡ್ಡ ಮುಂಹಾಯಿ) ರೇಸುಗಳಲ್ಲಿ ಪ್ರಸಿದ್ಧಿಗೆ ತಂದವರು. ಅವರು ಬೆಳೆಸಿದ ಈ ಕ್ಲಾಸಿನ ರೇಸಿನಲ್ಲಿ ಜೆನೋವಾಕ್ಕೆ ಜಾಗವಿಲ್ಲ. ಒಂದು ಮೇನ್‌ಸೇಲ್ (ಮುಖ್ಯ ಹಾಯಿ), ಒಂದು ಚಿಕ್ಕ ಜಿಬ್ (ಮುಂಹಾಯಿ), ಅಷ್ಟೇ. ಹಿಂಗಾಳಿಗೆ ಉಬ್ಬುವ ಸ್ಪಿನ್ನೇಕರ್ ಹಾಯಿ ಕೂಡ ಇಲ್ಲ.

ಅಳತೆಗಳು: ಉದ್ದ 7.68 ಮೀಟರ್, ನೀರಿನ ಗೆರೆಯಲ್ಲಿ 6 ಮೀಟರ್, ಅಗಲ 2.20, ನೀರಿನೊಳಗೆ ಇಳಿಯುವ ಆಳ 1.20. ಕನಿಷ್ಠ ತೂಕ 1,930 ಕೆ.ಜಿ., ಅದರಲ್ಲಿ 1,000 ಕೆ.ಜಿ.ಗೂ ಮೇಲೆ ಕೀಲಿನ ಎರಕದ ಕಬ್ಬಿಣವೇ. ಹಾಯಿ 24 ಚದರ ಮೀಟರ್: ಮೇನ್ 17, ಜಿಬ್ 7. ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ತೀರಾ ಕೆಳಗೆ ಇದೆ, ಹಾಯಿ ಮಿತವಾಗಿದೆ. ಜೋರು ಗಾಳಿಯಲ್ಲೂ ಈ ದೋಣಿ ಗಟ್ಟಿಯಾಗಿ ನಿಲ್ಲುವುದು ಇದರಿಂದ. ವೇಗಕ್ಕೆ ಮಾತ್ರ ಮಿತಿಯಿದೆ. 6 ಮೀಟರ್ ನೀರಿನ ಗೆರೆಗೆ ಸುಮಾರು 6 ನಾಟ್ (ಗಂಟೆಗೆ 11 ಕಿ.ಮೀ.) ಬಂದರೆ ಅಲ್ಲಿಗೆ ಸರಿ, ಅದಕ್ಕಿಂತ ಹೆಚ್ಚು ಎಳೆದರೆ ತನ್ನದೇ ಅಲೆಯಲ್ಲಿ ಕೂತುಬಿಡುತ್ತದೆ.

ಐಎಫ್ ಬೋಟ್ ಬೇರೆ. 1960ರ ದಶಕದಲ್ಲಿ ಸ್ವೀಡನ್‌ನ ಮಾರಿಹೋಮ್ ಯಾರ್ಡಿಗಾಗಿ ಸುಂಡೇನ್ ಅವರೇ ಬರೆದ ಫೈಬರ್‌ಗ್ಲಾಸ್ ದೋಣಿ ಅದು. ಅಂದಾಜು ಒಂದೇ ಗಾತ್ರ, ಹತ್ತಿರದ ಬಂಧು, ಆದರೆ ಕ್ಲಾಸು ಬೇರೆ, ನಿಯಮ ಬೇರೆ. ಹೊರಗಿನಿಂದಲೇ ಗುರುತಿಸಬಹುದು: ಐಎಫ್‌ನ ಮೈ ನುಣುಪು, ನಾರ್ಡಿಕ್‌ನ ಮೈಮೇಲೆ ಹಲಗೆಯ ಮೆಟ್ಟಿಲುಗಳು. ನಾರ್ಡಿಕ್ ಫೈಬರ್‌ನಲ್ಲಿ ಮಾಡಿದ್ದರೂ ಆ ಮೆಟ್ಟಿಲುಗಳು ಇರುತ್ತವೆ, ಯಾಕೆಂದರೆ ಅಚ್ಚಿನಲ್ಲೇ ಅವನ್ನು ಉಳಿಸಿಕೊಂಡರು. ಕಾಕ್‌ಪಿಟ್ (ಕೂತು ದೋಣಿ ನಡೆಸುವ ತೆರೆದ ಗುಂಡಿ) ಕೂಡ ನೋಡಿ. ಐಎಫ್‌ನಲ್ಲಿ ಕಾಕ್‌ಪಿಟ್ಟಿಗೆ ಬಿದ್ದ ನೀರು ತಾನೇ ಹೊರಗೆ ಹರಿದುಹೋಗುತ್ತದೆ. ಮೂಲ ನಾರ್ಡಿಕ್‌ನಲ್ಲಿ ಅದು ನೇರ ತಳಕ್ಕೆ ಇಳಿಯುತ್ತದೆ, ಪಂಪ್ ಹೊಡೆಯಲೇಬೇಕು.

ಉತ್ತರಸಮುದ್ರ:

ಮೇಲಿನದಕ್ಕೆ ಸೇರಿಸುತ್ತೇನೆ. ಮರ, ಫೈಬರ್ ಒಟ್ಟಿಗೆ ಹೇಗೆ ಓಡುತ್ತವೆ ಅಂತ ಕೇಳಿದಿರಿ. ಡ್ರ್ಯಾಗನ್ ಅನ್ನುವ ಇನ್ನೊಂದು ಹಾಯಿದೋಣಿ ಕ್ಲಾಸನ್ನು ಪಕ್ಕದಲ್ಲಿಟ್ಟು ನೋಡಿದರೆ ಅರ್ಥವಾಗುತ್ತದೆ.

ನಾರ್ವೆಯ ಯೋಹಾನ್ ಆಂಕರ್ 1929ರಲ್ಲಿ ಡ್ರ್ಯಾಗನ್ ವಿನ್ಯಾಸ ಮಾಡಿದ್ದೂ ಗೋಥೆನ್‌ಬರ್ಗ್‌ನ ರಾಯಲ್ ಯಾಟ್ ಕ್ಲಬ್ಬಿನ ಒಂದು ಸ್ಪರ್ಧೆಗಾಗಿ. ಉದ್ದೇಶ ಹೆಚ್ಚುಕಡಿಮೆ ಇದೇ: ಕಡಿಮೆ ಖರ್ಚು, ಒಳಗೆ ಎರಡು ಮಲಗುವ ಜಾಗ, ತೀರದ ಹತ್ತಿರದ ಸಣ್ಣ ಪ್ರಯಾಣ. ಆಮೇಲೆ ಜೆನೋವಾ ಬಂತು, ಸ್ಪಿನ್ನೇಕರ್ ಬಂತು, 1948ರಿಂದ 1972ರವರೆಗೆ ಒಲಿಂಪಿಕ್ ದೋಣಿಯಾಯಿತು. ರೇಸಿಂಗ್ ಪೂರ್ತಿ ಆವರಿಸಿಕೊಂಡ ಮೇಲೆ ಒಳಗೆ ಮಲಗುವ ಮಾತೇ ಇಲ್ಲ. ಡ್ರ್ಯಾಗನ್ ಅದ್ಭುತ ದೋಣಿ, ಅದರ ಅಂದಕ್ಕೆ ಸಾಟಿ ಕಡಿಮೆ. ಆದರೆ ಸಾಮಾನ್ಯರ ದೋಣಿಯಾಗಿ ಅದು ಉಳಿಯಲಿಲ್ಲ. 1940ರ ದಶಕದಲ್ಲಿ ಮತ್ತೊಂದು ಅಗ್ಗದ ದೋಣಿ ಬೇಕಾಯಿತು ಅನ್ನುವುದರಲ್ಲೇ ಆ ಕಥೆ ಇದೆ.

ಫೋಕ್‌ಬೋಟ್ ಸಂಘಗಳು ಒಲಿಂಪಿಕ್ ಹಾದಿ ಹಿಡಿಯಲಿಲ್ಲ. ಹಾಯಿ ಅಷ್ಟೇ ಇರಲಿ, ತೂಕ ಇಳಿಯಕೂಡದು, ಹೊಸ ಸಾಮಗ್ರಿ ಬಂದರೆ ಅದು ಹಳೆಯ ದೋಣಿಗಿಂತ ಮುಂದೆ ಹೋಗಕೂಡದು ಅಂತ ಹಟ ಹಿಡಿದರು. 1970ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಫೈಬರ್ ದೋಣಿ ಮಾಡಲು ಹೊರಟಾಗ ಒಳ್ಳೆಯ ಮರದ ದೋಣಿಯ ಆಕಾರವನ್ನೇ ಅಚ್ಚಿಗೆ ತಂದರು. ತೂಕದ ಕೆಳಮಿತಿ ಎರಡಕ್ಕೂ ಅದೇ 1,930 ಕೆ.ಜಿ. ಹೊಸದು ಹಗುರವಾಗಿ ಹುಟ್ಟಿ ಹಳೆಯದನ್ನು ಮೂಲೆಗೆ ತಳ್ಳುವ ದಾರಿ ಅಲ್ಲಿಗೇ ಮುಚ್ಚಿತು. ಮುಂದೆ ಅಲ್ಯೂಮಿನಿಯಂ ಮಾಸ್ಟನ್ನೂ ಒಪ್ಪಿದರು, ಆದರೆ ಹಾಯಿಯ ವಿಸ್ತೀರ್ಣ ಮುಟ್ಟಲಿಲ್ಲ. ಒಟ್ಟು 4,000ಕ್ಕೂ ಹೆಚ್ಚು ದೋಣಿಗಳಾಗಿವೆ. ಡೆನ್ಮಾರ್ಕ್, ಸ್ವೀಡನ್, ಜರ್ಮನಿ, ಫಿನ್‌ಲೆಂಡ್, ಬ್ರಿಟನ್ ಬಿಟ್ಟರೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ದೊಡ್ಡ ಗುಂಪಿದೆ. ಅಲ್ಲಿ ಬೇಸಿಗೆಯ ಮಧ್ಯಾಹ್ನ 20-25 ನಾಟ್ ಗಾಳಿ ದಿನನಿತ್ಯದ ಮಾತು, ಈ ದೋಣಿಗೆ ಹೇಳಿ ಮಾಡಿಸಿದ ಜಾಗ. ಬೇ ಏರಿಯಾದಲ್ಲಿರುವ ಕನ್ನಡಿಗರು ವಾರದ ಸಂಜೆಯ ರೇಸುಗಳನ್ನು ದಡದಲ್ಲಿ ನಿಂತೇ ನೋಡಬಹುದು.

ಸಮುದ್ರಯಾನದ ಕಡೆ ಎರಡು ಹೆಸರು ಮರೆಯಬಾರದು. 1960ರಲ್ಲಿ ಮೊದಲ ಬಾರಿ ಒಬ್ಬೊಬ್ಬರೇ ಅಟ್ಲಾಂಟಿಕ್ ದಾಟುವ ರೇಸ್ ನಡೆದಾಗ ಇದ್ದದ್ದೇ ಐದು ದೋಣಿ, ಅದರಲ್ಲಿ ಎರಡು ಫೋಕ್‌ಬೋಟ್ ಮೂಲದವು. ಬ್ಲಾಂಡಿ ಹ್ಯಾಸ್ಲರ್ ಅವರ ಜೆಸ್ಟರ್ 48 ದಿನದಲ್ಲಿ ದಾಟಿ ಎರಡನೆಯದಾಗಿ ಮುಟ್ಟಿತು. ವಾಲ್ ಹೋವೆಲ್ಸ್ ಅವರ ಐರಾ ಇನ್ನೊಂದು. ಜೆಸ್ಟರ್‌ನ ಮೈ ಮೂಲದ ಹಾಗೆ ಒಂದರ ಮೇಲೊಂದು ಹಲಗೆಯದಲ್ಲ, ಅಂಚಿಗೆ ಅಂಚು ಕೂಡಿಸಿದ್ದು. ಹಾಯಿ ಚೀನೀ ಜಂಕ್ ಮಾದರಿಯದು, ಚುಕ್ಕಾಣಿಗೆ ಹ್ಯಾಸ್ಲರ್ ತಾವೇ ರೂಪಿಸಿದ ಗಾಳಿಯಿಂದ ನಡೆಯುವ ಯಂತ್ರ. ಹಾಗಾಗಿ ಅದನ್ನು ಕ್ಲಾಸಿನ ದೋಣಿ ಅನ್ನುವಂತಿಲ್ಲ, ಒಡಲಿನ ಶಕ್ತಿಗೆ ಸಾಕ್ಷಿ ಅನ್ನಬಹುದು. ಬ್ರಿಟನ್ನಿನ ಕಾಂಟೆಸ್ಸಾ 26 ಅನ್ನುವ ದೋಣಿ ಕೂಡ ಫೋಕ್‌ಬೋಟ್‌ನಿಂದಲೇ ಬೆಳೆದದ್ದು.

ತಾಮ್ರದ ಮೊಳೆ:

ಈಗ ಬೆಳಕು ಕಾಣುವ ಸಂದಿಗೆ ಬರೋಣ.

ಈ ದೋಣಿ ಕಟ್ಟಿರುವುದು ಕ್ಲಿಂಕರ್ ವಿಧಾನದಲ್ಲಿ. ಮಂಗಳೂರು ಹೆಂಚು ಹೊದಿಸಿದ ಹಾಗೆ ಮೇಲಿನ ಹಲಗೆಯ ಕೆಳ ಅಂಚು ಕೆಳಗಿನ ಹಲಗೆಯ ಮೇಲೆ ಕೂರುತ್ತದೆ. ಆ ಒತ್ತಿನ ಉದ್ದಕ್ಕೂ ತಾಮ್ರದ ಮೊಳೆ ಹೊಡೆದು, ಒಳಗಡೆ ಬಟ್ಟಲಿನಾಕಾರದ ತಾಮ್ರದ ಬಿಲ್ಲೆ ಕೂರಿಸಿ, ಮೊಳೆಯ ತುದಿ ಕತ್ತರಿಸಿ, ಬಡಿದು ಅಗಲಿಸಿರುತ್ತಾರೆ. ನೀರು ತಡೆಯುವುದು ಈ ರಿವೆಟ್‌ಗಳ ಬಿಗಿ ಮತ್ತು ಮರ ಉಬ್ಬುವ ಬಲ. ನಡುವೆ ಬೇರೇನೂ ಬೇಕಿಲ್ಲ. ಮಲ್ಪೆ, ಮಂಗಳೂರಿನ ಮರದ ಮೀನುಗಾರಿಕೆ ದೋಣಿಗಳಲ್ಲಿ ಹಲಗೆಯ ಅಂಚಿಗೆ ಅಂಚು ಕೂಡಿಸಿ ಸಂದಿಗೆ ಹತ್ತಿ ಹೊಡೆಯುತ್ತಾರಲ್ಲ, ಆ ಪದ್ಧತಿ ಬೇರೆ. ಅದನ್ನು ನೋಡಿದವರಿಗೆ ಇಲ್ಲೂ ಏನಾದರೂ ತುಂಬಬೇಕು ಅನ್ನಿಸುವುದು ಸಹಜ. ತುಂಬಿದರೆ ಆಗುವುದು ಹೀಗೆ: ಪೈನ್ ಹಲಗೆ ನೀರು ಕುಡಿದು ಅಗಲಕ್ಕೆ ಉಬ್ಬುತ್ತದೆ, ಒತ್ತು ಮುಚ್ಚಿಕೊಳ್ಳಲು ನೋಡುತ್ತದೆ, ನಡುವೆ ಸೀಲಂಟ್ ಕೂತಿದೆ. ಜಾಗ ಸಿಗದೆ ಆ ಬಲವೆಲ್ಲ ರಿವೆಟ್ ಮೇಲೆ ಬೀಳುತ್ತದೆ. ಬಿಲ್ಲೆ ಮರದೊಳಕ್ಕೆ ಇಳಿಯುತ್ತದೆ, ಇಲ್ಲವೇ ಹಲಗೆಯೇ ರಿವೆಟ್ ಸಾಲಿನ ಉದ್ದಕ್ಕೆ ಸೀಳುತ್ತದೆ. ಮುಂದಿನ ಚಳಿಗಾಲದಲ್ಲಿ ಒಣಗಿದಾಗ ಸಂದಿ ಮೊದಲಿಗಿಂತ ದೊಡ್ಡದು. ಪಾಲಿಯುರೆಥೇನ್ ಮರದ ನಾರಿಗೆ ಕಚ್ಚಿಕೊಂಡಿರುತ್ತದೆ, ಕಿತ್ತರೆ ಮರವೂ ಜೊತೆಗೆ ಬರುತ್ತದೆ. ಎಪಾಕ್ಸಿ ಪುಟ್ಟಿ ಇದಕ್ಕಿಂತ ಕೆಟ್ಟದ್ದು, ಅದು ಜಗ್ಗುವುದೇ ಇಲ್ಲ.

ಮೂರು ಬೇಸಿಗೆ ಒಣಗಿದ ದೋಣಿಯಲ್ಲಿ ಬೆಳಕು ಕಾಣುವುದು ದೋಷವಲ್ಲ. ದೋಷ ಹುಡುಕಬೇಕಾದ್ದು ಬೇರೆ ಕಡೆ.

ಮೊದಲು ರಿವೆಟ್. ಒಳಗಡೆ ಟಾರ್ಚ್ ಹಿಡಿದು ಬಿಲ್ಲೆಗಳನ್ನು ಬೆರಳಲ್ಲಿ ತಿರುಗಿಸಿ ನೋಡಿ. ತಿರುಗಿದರೆ ಸಡಿಲ. ಸುತ್ತ ಹಸಿರು ಪುಡಿ ಇದ್ದರೆ ಅಲ್ಲಿ ನೀರು ಓಡಾಡಿದೆ. ಇಲ್ಲೊಂದು ಅಲ್ಲೊಂದು ಸಡಿಲವಿದ್ದರೆ ಮತ್ತೆ ಬಿಗಿ ಮಾಡಬಹುದು. ಹೊರಗೆ ಒಬ್ಬರು ಮೊಳೆಯ ತಲೆಗೆ ಭಾರವಾದ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು, ಒಳಗೆ ಇನ್ನೊಬ್ಬರು ಹಗುರ ಸುತ್ತಿಗೆಯ ಗುಂಡು ಮುಖದಿಂದ ಸಣ್ಣ ಸಣ್ಣ ಏಟು ಹಾಕಬೇಕು. ಜೋರಾಗಿ ಹೊಡೆದರೆ ಮೊಳೆ ಮರದೊಳಗೇ ಡೊಂಕಾಗುತ್ತದೆ. ನೋಡಲು ಬಿಗಿ, ಒಳಗೆ ಸಡಿಲ. ಒಂದು ಸಾಲು ಪೂರ್ತಿ ತಿರುಗುತ್ತಿದ್ದರೆ ಆ ಹಲಗೆಯ ಒತ್ತು ಸೀಳಿದೆಯಾ ಅಂತ ಹೊರಗಡೆ ಬಣ್ಣ ಕೆರೆದು ನೋಡಿ.

ಎರಡನೆಯದು ರಿಬ್‌ಗಳು. ಹಬೆಯಲ್ಲಿ ಬಗ್ಗಿಸಿದ ಓಕ್ ಒಡೆಯುವುದು ಹೊಟ್ಟೆ ತಿರುಗುವ ಕಡೆ, ಅದೂ ರಿವೆಟ್ ತೂತಿನ ಮೇಲೆಯೇ. ಕೂದಲೆಳೆಯಷ್ಟು ಗೆರೆ ಇರುತ್ತದೆ, ಬಣ್ಣ ಮುಚ್ಚಿರುತ್ತದೆ, ಉಗುರಿಗೆ ಸಿಗುತ್ತದೆ. ಮಾಸ್ಟಿನ ಎರಡೂ ಪಕ್ಕ, ಶ್ರೌಡ್ ತಂತಿಗಳು (ಮಾಸ್ಟನ್ನು ಪಕ್ಕಗಳಿಂದ ಹಿಡಿಯುವವು) ಬಂದು ಕೂಡುವ ಜಾಗದಲ್ಲಿ ಒಂದರ ಪಕ್ಕ ಒಂದು ಒಡೆದಿದ್ದರೆ ಆ ಭಾಗಕ್ಕೆ ಭಾರ ಹಂಚುವ ಕಟ್ಟು ಸೋತಿದೆ ಅಂತ ಅರ್ಥ. ಬರೀ ರಿಬ್ ಬದಲಿಸಿದರೆ ಮತ್ತೆ ಒಡೆಯುತ್ತದೆ. ಬಿಡಿ ಬಿಡಿಯಾಗಿ ಒಡೆದವಕ್ಕೆ ಪಕ್ಕದಲ್ಲಿ ಹೊಸ ರಿಬ್ ಕೂರಿಸಿದರೆ ಸಾಕು. ಒಡೆದ ಜಾಗದಿಂದ ಎರಡೂ ಕಡೆ ಕನಿಷ್ಠ ಮೂರು ಹಲಗೆ ದಾಟಲಿ. ಎಲ್ಲ ಹೊಸ ರಿಬ್‌ಗಳೂ ಒಂದೇ ಹಲಗೆಯ ಮೇಲೆ ಮುಗಿಯಬಾರದು, ಮುಗಿದರೆ ಮುಂದಿನ ಬಿರುಕು ಆ ಗೆರೆಯಲ್ಲೇ ಬರುತ್ತದೆ. ಓಕ್ ಹಸಿಯಾಗಿರಬೇಕು, ನಾರು ನೇರವಿರಬೇಕು. ಒಲೆಯಲ್ಲಿ ಒಣಗಿಸಿದ ಮರ ಹಬೆಗೆ ಬಗ್ಗುವುದಿಲ್ಲ, ಮುರಿಯುತ್ತದೆ. 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆ ಹಬೆ ಅನ್ನುವುದು ವಾಡಿಕೆಯ ಲೆಕ್ಕ. ಪೆಟ್ಟಿಗೆಯಿಂದ ತೆಗೆದ ಅರ್ಧ ನಿಮಿಷದೊಳಗೆ ಜಾಗಕ್ಕೆ ಕೂರಬೇಕು.

ಮೂರನೆಯದು ಕೊಳೆತ. ಮರದ ದೋಣಿಯನ್ನು ಕೊಳೆಸುವುದು ಮಳೆನೀರು, ಸಮುದ್ರದ ಉಪ್ಪುನೀರಲ್ಲ. ಆದ್ದರಿಂದ ತಳಕ್ಕಿಂತ ಮೇಲ್ಭಾಗ ನೋಡಿ: ಡೆಕ್ಕಿನ ಅಂಚು, ಕ್ಯಾಬಿನ್ ಗೋಡೆ ಡೆಕ್ಕಿಗೆ ಕೂಡುವ ಮೂಲೆ, ಹಿಂಬದಿಯ ಹಲಗೆಯ ಮೇಲಂಚು, ಮುಂಗಂಬದ (ದೋಣಿಯ ಮೂತಿಯಲ್ಲಿ ನಿಂತ ಮರದ) ತಲೆ. ಡೆಕ್ಕಿನ ಮೇಲೆ ಕ್ಯಾನ್ವಾಸ್ ಹೊದಿಸಿ ಬಣ್ಣ ಹೊಡೆದಿದ್ದರೆ ಇನ್ನೂ ಎಚ್ಚರ ಬೇಕು. ಕ್ಯಾನ್ವಾಸ್‌ನ ಸಣ್ಣ ಬಿರುಕಿನಲ್ಲಿ ಇಳಿದ ಮಳೆನೀರು ಆರಲು ದಾರಿಯೇ ಇರುವುದಿಲ್ಲ. ಮೊಂಡು ದಬ್ಬಳದಿಂದ ಒತ್ತಿ ನೋಡಿ. ಒಳ್ಳೆಯ ಮರ ಮರುಒತ್ತು ಕೊಡುತ್ತದೆ, ಕೊಳೆತದ್ದು ಒಳಕ್ಕೆ ಬಿಡುತ್ತದೆ. ತೇವ ಅಳೆಯುವ ಮೀಟರನ್ನು ಹೆಚ್ಚು ನಂಬಬೇಡಿ, ಮರದಲ್ಲಿ ಉಪ್ಪು ಇದ್ದರೆ ಅದು ಸುಳ್ಳು ಅಂಕಿ ತೋರಿಸುತ್ತದೆ.

ಪಡುವಣಗಾಳಿ:

ಬಹಳ ಉಪಕಾರವಾಯಿತು. ಸೀಲಂಟ್ ವಿಚಾರ ಕೈಬಿಟ್ಟೆ. ಇನ್ನೆರಡು ಸಂಶಯ. ಕೀಲ್ ಬೋಲ್ಟ್‌ಗಳನ್ನು ಯಾವಾಗಲಾದರೂ ತೆಗೆದು ನೋಡಿದ ದಾಖಲೆ ಇಲ್ಲ. ಕೀಲು ಮರಕ್ಕೆ ಕೂಡುವ ಗೆರೆಯಲ್ಲಿ ಒಂದೆರಡು ಕಡೆ ತುಕ್ಕಿನ ಕಲೆ ಇಳಿದಿದೆ. ಎಲ್ಲ ತೆಗೆಸಬೇಕಾ? ಹೊಸದು ಹಾಕುವುದಾದರೆ ಸ್ಟೇನ್‌ಲೆಸ್ ಒಳ್ಳೆಯದಲ್ಲವೇ? ಹಾಗೆಯೇ ಇಷ್ಟು ಒಣಗಿದ ದೋಣಿಯನ್ನು ನೀರಿಗಿಳಿಸುವ ಕ್ರಮ ಹೇಗೆ?

ಕೀಲುಗಂಟು:

ತುಕ್ಕಿನ ಕಲೆ ಇದೆ ಅಂದಮೇಲೆ ಎರಡು ಬೋಲ್ಟ್ ತೆಗೆಸದೆ ದುಡ್ಡು ಕೊಡಬೇಡಿ. ಒಂದು ಕಲೆ ಕಾಣುವ ಜಾಗದ್ದು, ಇನ್ನೊಂದು ತಳದ ನೀರು ಸದಾ ನಿಲ್ಲುವ ಭಾಗದ್ದು. ಮಾರುವವರು ಒಪ್ಪದಿದ್ದರೆ ಎಲ್ಲ ಬೋಲ್ಟ್ ಬದಲಿಸುವ ಖರ್ಚು ಹಿಡಿದೇ ಬೆಲೆ ಮಾತಾಡಿ.

ತೆಗೆಯುವ ಕ್ರಮ: ಒಳಗಿನ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಮೂರು ನಾಲ್ಕು ದಿನ ಬಿಡಿ. ಕೀಲಿನ ತಳದಲ್ಲಿ ಬೋಲ್ಟಿನ ತಲೆ ಕೂತ ಗುಂಡಿಗೆ ಸಿಮೆಂಟೋ ಪುಟ್ಟಿಯೋ ಮುಚ್ಚಿರುತ್ತಾರೆ, ಅದನ್ನು ಕೆತ್ತಿ ತೆಗೆಯಿರಿ. ಬೋಲ್ಟ್ ಕೆಳಕ್ಕೆ ಇಳಿಯಬೇಕು, ಅಂದರೆ ಕೀಲಿನ ಕೆಳಗೆ ಬೋಲ್ಟಿನಷ್ಟು ಉದ್ದದ ಜಾಗ ಬೇಕು. ದೋಣಿ ಎತ್ತಲು ಆಗದಿದ್ದರೆ ಆ ಬೋಲ್ಟಿನ ನೇರ ಕೆಳಗೆ ನೆಲದಲ್ಲಿ ಗುಂಡಿ ತೋಡುತ್ತಾರೆ. ನಟ್ಟನ್ನು ಪೂರ್ತಿ ತೆಗೆಯದೆ ಒಂದೆರಡು ಸುತ್ತು ಉಳಿಸಿಕೊಂಡು ಅದರ ಮೇಲೆ ಹೊಡೆಯಿರಿ, ಬೋಲ್ಟಿನ ಥ್ರೆಡ್ ಹಾಳಾಗುವುದಿಲ್ಲ. ಒಮ್ಮೆಗೆ ಒಂದೇ ಬೋಲ್ಟ್. ಅದು ವಾಪಸ್ ಕೂತ ಮೇಲೆ ಇನ್ನೊಂದು.

ಹೊರಬಂದ ಬೋಲ್ಟಿನಲ್ಲಿ ನೋಡಬೇಕಾದ್ದು ಎರಡು ತುದಿಯಲ್ಲ, ನಡುವೆ: ಕಬ್ಬಿಣದ ಕೀಲು ಮುಗಿದು ಓಕ್ ಶುರುವಾಗುವ ಮಟ್ಟ. ನೀರು ಕೂರುವುದು ಆ ಸಂದಿಯಲ್ಲಿ, ಜೊತೆಗೆ ಓಕ್‌ನ ಟ್ಯಾನಿನ್ ಆಮ್ಲ ಕಬ್ಬಿಣವನ್ನು ತಿನ್ನುತ್ತದೆ. ತಲೆಯೂ ನಟ್ಟೂ ಹೊಸದರಂತಿದ್ದು ನಡುವೆ ಸೊಂಟ ಸಣ್ಣಗಾದ ಬೋಲ್ಟ್‌ಗಳು ಸಿಗುತ್ತವೆ. ಮೂಲ ವ್ಯಾಸದ ಕಾಲುಭಾಗ ಹೋಗಿದ್ದರೆ ಎಲ್ಲವನ್ನೂ ಬದಲಿಸಿ.

ಸ್ಟೇನ್‌ಲೆಸ್ ಬೇಡ. ಅದು ತುಕ್ಕು ತಡೆಯುವುದು ಮೈಮೇಲಿನ ತೆಳು ಪದರದಿಂದ, ಆ ಪದರ ಉಳಿಯಲು ಆಮ್ಲಜನಕ ಬೇಕು. ಒದ್ದೆ ಓಕ್ ಒಳಗೆ ಗಾಳಿಯೇ ಇಲ್ಲ, ಅಲ್ಲಿ ಅದು ಹೊರಗೆ ಗೊತ್ತಾಗದಂತೆ ಗುಂಡಿ ಗುಂಡಿಯಾಗಿ ತಿನ್ನಿಸಿಕೊಳ್ಳುತ್ತದೆ. ಕಂಚು ಹಾಕಿದರೆ ಬೋಲ್ಟ್ ಉಳಿಯುತ್ತದೆ, ಸುತ್ತಲಿನ ಕೀಲಿನ ಕಬ್ಬಿಣ ಸವೆಯುತ್ತದೆ. ಕಬ್ಬಿಣದ ಕೀಲಿಗೆ ಬಿಸಿ ಸತುವಿನಲ್ಲಿ ಅದ್ದಿದ ಉಕ್ಕಿನ ಬೋಲ್ಟೇ ಸರಿ. ತೂತಿಗೆ ಗ್ರೀಸ್ ತುಂಬಿ, ತಲೆ ಮತ್ತು ವಾಷರ್ ಕೆಳಗೆ ಗ್ರೀಸ್ ಹಚ್ಚಿದ ಹತ್ತಿ ಹುರಿಯ ಎರಡು ಸುತ್ತು ಹಾಕಿ. ಮುಂದೊಂದು ದಿನ ತೆಗೆದು ನೋಡಬಹುದಾದ ಬೋಲ್ಟ್ ಹಾಕುವುದು ಮುಖ್ಯ.

ಇನ್ನೊಂದು ಕೇಳಿಲ್ಲ, ಆದರೂ ಹೇಳಬೇಕು. ತಾಮ್ರ ಇರುವ ಆಂಟಿಫೌಲಿಂಗ್ ಬಣ್ಣವನ್ನು (ಪಾಚಿ, ಚಿಪ್ಪುಜೀವಿ ಅಂಟದಂತೆ ತಡೆಯುವುದು) ಬರೀ ಕಬ್ಬಿಣದ ಮೇಲೆ ಹಚ್ಚಬಾರದು. ಮೊದಲು ಹೊಳೆಯುವ ಲೋಹ ಬರುವಷ್ಟು ತುಕ್ಕು ತೆಗೆದು, ಅದೇ ದಿನ ಎಪಾಕ್ಸಿ ಪ್ರೈಮರ್ ಶುರುಮಾಡಿ, ಡಬ್ಬಿಯ ಮೇಲೆ ಹೇಳಿದಷ್ಟು ಪದರ ಪೂರ್ತಿ ಹಾಕಬೇಕು. ಎಪಾಕ್ಸಿ ಕೀಲಿಗೆ ಮಾತ್ರ, ಹಲಗೆಗೆ ತಾಗಿಸಬೇಡಿ. ಸ್ವೀಡನ್‌ನಲ್ಲಿ ಯಾವ ಆಂಟಿಫೌಲಿಂಗ್ ಬಳಸಬಹುದು ಅನ್ನುವುದಕ್ಕೆ ನಿರ್ಬಂಧಗಳಿವೆ, ನಿಮ್ಮ ಬಂದರಿನಲ್ಲಿ ಕೇಳಿಕೊಂಡೇ ಡಬ್ಬಿ ಕೊಳ್ಳಿ.

ತಾಮ್ರದ ಮೊಳೆ:

ನೀರಿಗಿಳಿಸುವ ಕ್ರಮ.

ಶೆಡ್ಡಿನಲ್ಲಿ ದೋಣಿಯ ಭಾರ ಪೂರ್ತಿ ಕೀಲಿನ ಮೇಲೇ ಇದೆಯಾ ನೋಡಿ. ಪಕ್ಕದ ಆಸರೆಗಳು ಬೀಳದಂತೆ ಹಿಡಿಯಲು ಮಾತ್ರ. ಆಸರೆಯೇ ಭಾರ ಹೊತ್ತಿದ್ದರೆ ಅಲ್ಲಿ ಹಲಗೆ ಒಳಕ್ಕೆ ತಗ್ಗಿರುತ್ತದೆ. ಹೊರಗಡೆ ಉದ್ದಕ್ಕೆ ಕಣ್ಣಾಡಿಸಿದರೆ ಗೆರೆ ಮುರಿದದ್ದು ಗೊತ್ತಾಗುತ್ತದೆ. ವಸಂತದ ಬಿಸಿಲು ತೆಂಕಣ ಮಗ್ಗುಲಿಗೆ ನೇರ ಬೀಳುತ್ತಿದ್ದರೆ ಆ ಕಡೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಒಂದೇ ಮಗ್ಗುಲು ಹೆಚ್ಚು ಒಣಗುತ್ತದೆ.

ಇಳಿಸುವುದಕ್ಕೆ ಎರಡು ವಾರ ಮುಂಚಿನಿಂದ ತೇವ ಕೊಡಲು ಶುರುಮಾಡಿ. ಒಳಗೆ ತಳದ ಹಲಗೆಗಳ ಮೇಲೆ ಗೋಣಿಚೀಲವೋ ಹಳೆಯ ಟವೆಲ್ಲೋ ಹಾಸಿ ದಿನಾ ಉಪ್ಪುನೀರು ಚಿಮುಕಿಸಿ. ಶೆಡ್ಡಿನ ನೆಲ ಮಣ್ಣಿನದಾದರೆ ಅದನ್ನೂ ನೆನೆಸಿ. ಬೇಗ ಉಬ್ಬಲಿ ಅಂತ ದೋಣಿಯೊಳಗೆ ನೀರು ತುಂಬುವವರಿದ್ದಾರೆ. ದಯವಿಟ್ಟು ಬೇಡ. ಒಂದು ಘನ ಮೀಟರ್ ನೀರು 1,000 ಕೆ.ಜಿ., ದೋಣಿಯ ಒಟ್ಟು ತೂಕದ ಅರ್ಧಕ್ಕಿಂತ ಹೆಚ್ಚು. ಹೊರಗಡೆ ಎದುರೊತ್ತಲು ಸಮುದ್ರವಿಲ್ಲ, ಆ ಭಾರವೆಲ್ಲ ಒಣಗಿದ ಒತ್ತುಗಳನ್ನು ಹೊರಕ್ಕೆ ತಳ್ಳುತ್ತದೆ.

ಬೆಳಕು ತೀರಾ ಕಾಣುವ ಒತ್ತುಗಳಿಗೆ ಹೊರಗಿನಿಂದ ಟ್ಯಾಲೋ (ಪ್ರಾಣಿಯ ಕೊಬ್ಬು) ಮತ್ತು ಜೇನುಮೇಣ ಕರಗಿಸಿ ಕಲಸಿದ್ದನ್ನು ಬೆರಳಲ್ಲಿ ಸವರಬಹುದು. ಮರ ಉಬ್ಬಿದಾಗ ಅದು ಪಿಸುಕಿ ಹೊರಗೆ ಬರುತ್ತದೆ, ಯಾವುದಕ್ಕೂ ಅಡ್ಡಿಯಾಗುವುದಿಲ್ಲ. ಮುಂದೆ ಬಣ್ಣ ಹೊಡೆಯುವಾಗ ಆ ಜಾಗದ ಜಿಡ್ಡನ್ನು ಚೆನ್ನಾಗಿ ಒರೆಸಬೇಕು.

ಇಳಿಸುವ ದಿನ ಕ್ರೇನಿನವರಿಗೆ ಮೊದಲೇ ಹೇಳಿಡಿ, ರಾತ್ರಿ ಪೂರ್ತಿ ದೋಣಿ ಪಟ್ಟಿಯಲ್ಲೇ ತೂಗಿರಬೇಕು, ನೀರಿನಲ್ಲಿ ಮುಳುಗದಷ್ಟು ಆಸರೆಯಲ್ಲಿ. ದಡದ ಕರೆಂಟಿನಿಂದ ಓಡುವ ಪಂಪ್ ಒಂದು, ಬ್ಯಾಟರಿಯ ಫ್ಲೋಟ್ ಸ್ವಿಚ್ ಪಂಪ್ ಇನ್ನೊಂದು. ಮೊದಲ ಕೆಲವು ಗಂಟೆ ನೀರು ಧಾರಾಳವಾಗಿ ಬರುತ್ತದೆ, ಗಾಬರಿ ಬೇಡ. ತಳದಲ್ಲಿ ಮರದ ಚೂರು, ಹಳೆ ಬಣ್ಣದ ಹೊಪ್ಪಳೆ ಇರದಂತೆ ಮೊದಲೇ ಗುಡಿಸಿಡಿ. ಪಂಪಿನ ಬಾಯಿ ಕಟ್ಟಿಕೊಂಡು ಮುಳುಗಿದ ದೋಣಿಗಳು ಕಡಿಮೆಯಿಲ್ಲ. ಮರುದಿನಕ್ಕೆ ಸೋರುವುದು ಕಣ್ಣಿಗೆ ಕಾಣುವಷ್ಟು ಇಳಿದಿರಬೇಕು, ಮೂರರಿಂದ ಐದು ದಿನದಲ್ಲಿ ಬಹುಪಾಲು ನಿಲ್ಲಬೇಕು. ಮೂರು ಬೇಸಿಗೆ ಒಣಗಿದ್ದಕ್ಕೆ ಒಂದು ವಾರ ಹಿಡಿದರೂ ಸರಿ. ವಾರ ಕಳೆದರೂ ಅಷ್ಟೇ ಬರುತ್ತಿದ್ದರೆ ಒತ್ತುಗಳನ್ನು ಬಿಟ್ಟು ಕೀಲಿಗೆ ಅಂಟಿದ ಮೊದಲ ಹಲಗೆ, ಮುಂಗಂಬದಲ್ಲಿ ಹಲಗೆಯ ತುದಿ ಕೂರುವ ತೋಡು, ಕೀಲ್ ಬೋಲ್ಟ್ ಈ ಮೂರನ್ನು ನೋಡಿ. ಒಳಗೆ ಒರೆಸಿ ಒಣಗಿಸಿ ಸೀಮೆಸುಣ್ಣದ ಪುಡಿ ಎರಚಿದರೆ ನೀರು ಎಲ್ಲಿಂದ ಶುರುವಾಗುತ್ತದೆ ಅನ್ನುವುದು ಗೆರೆಯಾಗಿ ಕಾಣುತ್ತದೆ. ಒಡಲು ಪೂರ್ತಿ ಬಿಗಿಯುವವರೆಗೆ ಶ್ರೌಡ್‌ಗಳನ್ನು ಬಿಗಿ ಮಾಡಬೇಡಿ, ಹಾಯಿ ಎತ್ತಬೇಡಿ.

ಹಾಯಿಪಟ:

ಕಾಗದಪತ್ರದ ಬಗ್ಗೆ ಒಂದು ಮಾತು. ದೋಣಿಯ ಅಳತೆ ಪ್ರಮಾಣಪತ್ರ ಮತ್ತು ಹಾಯಿ ಸಂಖ್ಯೆ ಇದೆಯಾ ಕೇಳಿ. ಸಂಖ್ಯೆ ಸಿಕ್ಕರೆ ಆ ದೇಶದ ಫೋಕ್‌ಬೋಟ್ ಸಂಘದ ಮೂಲಕ ಕಟ್ಟಿದ ಯಾರ್ಡ್, ವರ್ಷ ಪತ್ತೆಮಾಡಲು ದಾರಿಯಾಗುತ್ತದೆ. ರೇಸಿಗೆ ಇಳಿಯುವ ಆಸೆಯಿದ್ದರೆ ಕ್ಯಾಬಿನ್ ಎತ್ತರಿಸಿದ, ಒಳಗೆ ಎಂಜಿನ್ ಕೂರಿಸಿದ, ಮಾಸ್ಟ್ ಬದಲಿಸಿದ ದೋಣಿಯ ವಿಚಾರದಲ್ಲಿ ಸಂಘದ ಅಳತೆಗಾರರನ್ನು ಮೊದಲೇ ಕೇಳಿ. ಬ್ರಿಟನ್ನಿನಲ್ಲಿ ದೂರ ಪ್ರಯಾಣಕ್ಕಾಗಿ ಹೀಗೆ ಬದಲಿಸಿದವು ತುಂಬ ಇವೆ. ಒಳ್ಳೆಯ ದೋಣಿಗಳೇ, ಆದರೆ ಕ್ಲಾಸಿನೊಳಗೆ ಸೇರಿಸಿಕೊಳ್ಳುವುದು ಕಷ್ಟ.

ಕೀಲುಗಂಟು:

ಮರದ ಮಾಸ್ಟ್ ಅಂದಿರಿ, ಅದನ್ನೂ ಬಿಡಬೇಡಿ. ಮಲಗಿಸಿ, ಪ್ರತಿ ಒಂದು ಮೀಟರಿಗೆ ಆಸರೆ ಕೊಟ್ಟು, ಅಂಟಿನ ಗೆರೆಯ ಉದ್ದಕ್ಕೂ ತೆಳು ಚಾಕುವಿನ ತುದಿ ಓಡಿಸಿ. ಹೊಕ್ಕರೆ ಅಂಟು ಬಿಟ್ಟಿದೆ. ಗೆರೆ ಕಡು ಕಂದು ಬಣ್ಣದ್ದಾದರೆ ರಿಸಾರ್ಸಿನಾಲ್ ಅಂಟಿರಬಹುದು, ಅದು ನೀರಿಗೆ ಜಗ್ಗುವುದಿಲ್ಲ. ತಿಳಿ ಬಣ್ಣದ್ದು ಹಾಲಿನಿಂದ ಮಾಡಿದ ಕೇಸೀನ್ ಅಂಟಾಗಿದ್ದರೆ ಸದಾ ತೇವದಲ್ಲಿದ್ದ ಕಡೆ ಕೆಟ್ಟಿರುವ ಸಾಧ್ಯತೆ ಹೆಚ್ಚು. ಕಪ್ಪು ಕಲೆ ಇರುವ ಜಾಗ ಮೂರು: ಬುಡ, ಡೆಕ್ಕಿನ ಮಟ್ಟ, ಶ್ರೌಡ್ ಕೂಡುವ ಲೋಹದ ಪಟ್ಟಿಯ ಕೆಳಗೆ. ಆ ಪಟ್ಟಿಯನ್ನು ಬಿಚ್ಚಿಯೇ ನೋಡಬೇಕು. ಒಂದು ತುಂಡು ಕೊಳೆತಿದ್ದರೆ ಕತ್ತರಿಸಿ ಹೊಸದು ಕೂಡಿಸಬಹುದು. ಹಲಗೆಗೆ ಓರೆ ಜೋಡಣೆ ದಪ್ಪದ 8 ಪಟ್ಟು ಉದ್ದ ಸಾಕು, ಮಾಸ್ಟಿಗೆ 12 ಪಟ್ಟು ಬೇಕು. ವಾರ್ನಿಷ್ ಶುರುಮಾಡುವಾಗ ಮೊದಲ ಪದರಕ್ಕೆ ಅರ್ಧದಷ್ಟು ತಿನ್ನರ್, ಎರಡನೆಯದಕ್ಕೆ ಕಾಲುಭಾಗ, ಆಮೇಲೆ ಹಾಗೆಯೇ ಆರು ಪದರ. ಪದರಗಳ ನಡುವೆ ಸಣ್ಣಗೆ ಉಜ್ಜಿ, ಮಾಸ್ಟಿನ ತುದಿಯ ಅಡ್ಡ ನಾರಿಗೆ ಎರಡು ಪದರ ಹೆಚ್ಚಿಗೆ ಕೊಡಿ. ಮಳೆನೀರು ಮೊದಲು ಇಳಿಯುವುದು ಅಲ್ಲಿಂದ.